ಸೊಸೆಯ ಗೇರ್ ಸೈಕಲ್ಲಿಗೆ ನಾನು ಮಾಡಿದ ಉಪಚಾರ

ಈ ವಿಷಯವನ್ನು ಹೇಳಬೇಕು ಅಂದುಕೊಳ್ಳುತ್ತಲೇ ತಪ್ಪಿಸಿಕೊಂಡು ಬಂದಿದ್ದೇನೆ. ಮೊದಲು ಹುಳುವಿನ ಬೆಳೆ ಮುಗಿಯಲಿ ಅಂದೆ. ಆಮೇಲೆ ರಾಗಿ ಕುಯ್ಲು ಮುಗಿಯಲಿ ಅಂದೆ. ಅದೂ ಮುಗಿದ ಮೇಲೆ, ಕಣ್ಣಿನ ಪೊರೆ ತೆಗೆಸಿಕೊಂಡು ಹೇಳಿದರಾಯಿತು ಅಂದೆ. ಬಾಯಲ್ಲಿ ಹೇಳುವ ಮಾತಿಗೆ ಕಣ್ಣಿನ ಪೊರೆ ಯಾಕೆ ಅಡ್ಡ ಅಂತ ಯಾರೂ ಕೇಳಲಿಲ್ಲ. ಈಗ ಪೊರೆಯೂ ಹೋಯಿತು, ನೆಪವೂ ಮುಗಿಯಿತು.

ನಾನು ಕೈಲಾಂಚ ಕಡೆಯ ರೇಷ್ಮೆ ಬೆಳೆಗಾರ. ಎಸ್ಸೆಸ್ಸೆಲ್ಸಿ ಪಾಸು. ಅದೂ ಒಂದೇ ಸಲಕ್ಕೆ! ಮುಂದೆ ನಡೆದ ಅನಾಹುತಕ್ಕೆ ವಿದ್ಯೆಯ ಕೊರತೆ ಕಾರಣವಲ್ಲ ಅಂತ ನಿಮಗೆ ಮೊದಲೇ ಗೊತ್ತಿರಲಿ.

ನಮ್ಮ ಸೊಸೆ ಕನಕಪುರದ ಕಡೆಯವಳು. ಹೈಸ್ಕೂಲಿಗೆ ಸರ್ಕಾರದ ಸೈಕಲ್ ತುಳಿದುಕೊಂಡು ಗುಡ್ಡ ಹತ್ತಿ ಇಳಿಯುತ್ತಿದ್ದವಳು, ಹಾಗೇ ಗುಡ್ಡಗಾಡು ಸೈಕಲ್ ಪಂದ್ಯಕ್ಕೆ ಇಳಿದುಬಿಟ್ಟಳು. ಮದುವೆಯ ಮಾತುಕತೆಯಲ್ಲೇ "ಸೈಕಲ್ ಬುಡಕಿಲ್ಲ" ಅಂತ ಕರಾರು ಹಾಕಿ ಬಂದವಳು. ಆ ಭಾನುವಾರ ರಾಮನಗರದ ಗುಡ್ಡಗಳ ನಡುವೆ ರಾಜ್ಯ ತಂಡಕ್ಕೆ ಆಯ್ಕೆ ಪಂದ್ಯವಿತ್ತು. ವಯಸ್ಸಿನ ಮಿತಿಯ ಪ್ರಕಾರ ಅವಳಿಗೆ ಅದೇ ಕೊನೆಯ ಅವಕಾಶ. ಆದರೆ ಶನಿವಾರ ಕನಕಪುರದ ಕಾಲೇಜಿನಲ್ಲಿ ಪರೀಕ್ಷೆ. ಪರೀಕ್ಷೆ ಬರೆದು, ತವರಿನಲ್ಲಿ ಉಳಿದು, ಬೆಳಗ್ಗೆ ನೇರವಾಗಿ ಪಂದ್ಯಕ್ಕೆ ಬರುವುದು ಅವಳ ಏರ್ಪಾಡು. ಸೈಕಲ್ಲನ್ನು ಗೂಡ್ಸ್ ಆಟೊದಲ್ಲಿ ಅಲ್ಲಿಗೆ ಮುಟ್ಟಿಸುವುದು ನನ್ನ ಪಾಲಿನ ಕೆಲಸ.

"ಮಾವ, ಎಲ್ಲಾ ಸೆಟ್ ಮಾಡ್ಸಿ ಮಡಗಿವ್ನಿ. ಯಾರೂ ಮುಟ್ದಂಗೆ ನೋಡ್ಕಳಿ" ಅಂದಳು, ಸೈಕಲ್ಲಿಗೆ ಹಳೇ ದುಪ್ಪಟಿ ಹೊದಿಸುತ್ತಾ.

"ವೋಗ್ಬಾ ಕಣವ್ವ. ನೊಣ ಕೂರಕ್ಕೂ ಬುಡಕಿಲ್ಲ" ಅಂದೆ.

ನೊಣ ಕೂರಲಿಲ್ಲ. ನಾನು ಕೂತೆ!

ಕೂರದೆ ಏನು ಮಾಡಲಿ, ನೀವೇ ಹೇಳಿ. ಹುಳು ನಾಲ್ಕನೇ ಜ್ವರ ಎದ್ದು ಐದಾರು ದಿನವಾಗಿತ್ತು. ಜ್ವರ ಅಂದರೆ ಕಾಯಿಲೆಯಲ್ಲ, ಪೊರೆ ಕಳಚುವ ನಿದ್ದೆ. ಎದ್ದ ಹುಳುವಿನ ಹಸಿವು ಎಂಥದ್ದೆಂದರೆ, ಸೊಪ್ಪು ಹಾಕಿ ಹಿಂತಿರುಗುವುದರೊಳಗೆ ಬರೀ ಕಡ್ಡಿ ಉಳಿದಿರುತ್ತದೆ. ನಮ್ಮ ತೋಟದ ಹಿಪ್ಪುನೇರಳೆ ಸೊಪ್ಪು ಮುಗಿದಿತ್ತು. ಗುಡ್ಡದ ಆಚೆ ಒಬ್ಬರ ತೋಟದಲ್ಲಿ ಸೊಪ್ಪು ಮಾತಾಡಿದ್ದೆ. ತರಬೇಕಾದ ಗೂಡ್ಸ್ ಆಟೊದವನು ಬೆಳಗ್ಗೆ ಬರುತ್ತೇನೆ ಅಂದವನು ಮಧ್ಯಾಹ್ನವಾದರೂ ಪತ್ತೆಯಿಲ್ಲ. ಮಗ ಸ್ಕೂಟರ್ ತೆಗೆದುಕೊಂಡು ಚನ್ನಪಟ್ಟಣಕ್ಕೆ ಹೋಗಿದ್ದ. ಹುಳು ಮಾತ್ರ ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದವು.

ನಾನು ದುಪ್ಪಟಿ ಎತ್ತಿದ್ದೇ ತಡ, ನಮ್ಮ ಮನೆಯವಳು ಜಯಮ್ಮ ಅಡುಗೆಮನೆಯಿಂದಲೇ ಕೂಗಿದಳು:

"ಆ ಎಣ್ಮಗ ಮುಟ್ಬೇಡಿ ಅಂತ ಏಳೋಗೈತೆ!"

"ಬ್ಯಾರೆಯೋರು ಮುಟ್ಬಾರ್ದು ಅಂತ ಕಣೆ. ನಾನು ಬ್ಯಾರೆಯೋನಾ?"

"ಮಂಡಿ ನೋವು ಅಂತ ನೆನ್ನೆಯಿಂದ ಮನೀಕಂಡಿದ್ರಲ್ಲ, ಎಲ್ಲೋಯ್ತು ಮಂಡಿ?"

ಇಂಥ ಪ್ರಶ್ನೆಗಳಿಗೆ ಉತ್ತರ ಕೊಟ್ಟರೆ ಸಂಸಾರ ಸಾಗುವುದಿಲ್ಲ.

ಈಗ ಒಂದು ಮಾತು. ರೇಷ್ಮೆ ಸಾಕುವವರ ಮನೆಯಲ್ಲಿ ಒಂದು ನೇಮವಿದೆ. ಹುಳುಮನೆಗೆ ಹೋಗುವುದೆಲ್ಲ ಶುದ್ಧವಾಗಿರಬೇಕು. ಕೈ, ಕಾಲು, ಬುಟ್ಟಿ, ಎಲ್ಲವೂ ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಅದ್ದಿಯೇ ಒಳಗೆ. ಸೊಪ್ಪಿಗೆ ಒಂದು ತೊಟ್ಟು ಎಣ್ಣೆ ತಾಗಿದರೂ ಹುಳು ಕಕ್ಕುತ್ತವೆ. ಸೊಸೆಯ ಸೈಕಲ್ ಚೈನು ನೋಡಿದರೆ ಎಣ್ಣೆ! ಹಲ್ಲಿನ ಚಕ್ರಕ್ಕೂ ಎಣ್ಣೆ! ಇಂಥ ಗಾಡಿಯ ಮೇಲೆ ಸೊಪ್ಪು ತರುವುದುಂಟೇ? ಸೋಪಿನ ಪುಡಿ, ತೆಂಗಿನ ನಾರು ಹಿಡಿದು ಉಜ್ಜಿದೆ. ಸಾಲದು ಅಂತ ಬ್ಲೀಚಿಂಗ್ ನೀರನ್ನು ಬಕೆಟ್ಟಿನಿಂದ ಅಭಿಷೇಕ ಮಾಡಿದೆ. ಚೈನು ಬೆಳ್ಳಿ ಉಡಿದಾರದಂತೆ ಹೊಳೆಯಿತು. ಸೈಕಲ್ ಅಂಗಡಿಯವನು ಹನಿ ಹನಿಯಾಗಿ ಬಿಟ್ಟಿದ್ದ ಎಣ್ಣೆಯೆಲ್ಲ ಚರಂಡಿಗೆ ಹೋಯಿತು. ನನಗೆ ಬಹಳ ತೃಪ್ತಿಯಾಯಿತು.

ತೃಪ್ತಿ ಅಲ್ಲಿಗೆ ಮುಗಿಯಿತು. ಗುಡ್ಡದಾಚೆಯ ತೋಟದಲ್ಲಿ ಸೊಪ್ಪು ಕುಯ್ದು ಹೊರೆ ಕಟ್ಟಿ ನೋಡುತ್ತೇನೆ, ಸೈಕಲ್ಲಿಗೆ ಕ್ಯಾರಿಯರ್ ಇಲ್ಲ! ಸ್ಟ್ಯಾಂಡ್ ಇಲ್ಲ, ಬೆಲ್ ಇಲ್ಲ, ಮಡ್‌ಗಾರ್ಡ್ ಇಲ್ಲ. ಇಷ್ಟೆಲ್ಲ ಇಲ್ಲದ ಸೈಕಲ್ಲಿಗೆ ಎಲ್ಲ ಇರುವ ಸೈಕಲ್ಲಿಗಿಂತ ಹೆಚ್ಚು ಬೆಲೆಯಂತೆ. ಇದನ್ನು ಯಾರೂ ಕೇಳುವವರೇ ಇಲ್ಲವೇ? ನಮ್ಮ ಅಪ್ಪನ ಸೈಕಲ್ಲಿನಲ್ಲಿ ರೇಷ್ಮೆಗೂಡಿನ ಮೂಟೆ, ಮೂಟೆಯ ಮೇಲೆ ನಾನು, ಹೀಗೆ ರಾಮನಗರದ ಮಾರ್ಕೆಟ್ಟಿಗೆ ಹೋಗುತ್ತಿದ್ದೆವು. ಆ ಸೈಕಲ್ ಒಂದು ದಿನ ಕೆಮ್ಮಲಿಲ್ಲ!

ಕೊನೆಗೆ ಸೀಟಿನ ಎರಡೂ ಪಕ್ಕಕ್ಕೆ ಕತ್ತೆಗೆ ಹೇರುವ ಹಾಗೆ ಸೊಪ್ಪಿನ ಕಂತೆಗಳನ್ನು ಇಳಿಬಿಟ್ಟೆ. ಬಲಗಡೆಯ ಕಂತೆ ಸರಿಯಾಗಿ ಆ ಬಾವಲಿಯ ಮೇಲೆ ಕೂತಿತು.

ಬಾವಲಿ ಅಂದರೆ ಡಿರೈಲರು. ಹಿಂದಿನ ಚಕ್ರದ ಪಕ್ಕದಲ್ಲಿ ತಲೆಕೆಳಗಾಗಿ ನೇತುಬಿದ್ದು, ಚೈನನ್ನು ಒಂದು ಹಲ್ಲಿನ ಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಸಾಮಾನು. ಗೇರು ಬದಲಾಗುವುದು ಅದರಿಂದಲೇ. ಇದನ್ನು ಮಾಡಿದ ಮಹಾನುಭಾವ ಯಾರು ಅಂತ ನನಗೆ ಗೊತ್ತಾಗಬೇಕು. ಕಾಡುದಾರಿಯಲ್ಲಿ ಕಲ್ಲು ತಾಗುವುದು ಕೆಳಗೆ, ಪೊದೆ ತಾಗುವುದು ಪಕ್ಕಕ್ಕೆ. ಸೈಕಲ್ಲಿನ ಅತಿ ನಾಜೂಕಾದ ಅಂಗವನ್ನು ಕಲ್ಲೂ ಪೊದೆಯೂ ಎರಡೂ ಎಟುಕುವ ಜಾಗ ಹುಡುಕಿ ಹುಡುಕಿ ನೇತುಹಾಕಿದ್ದಾನೆ! ನಮ್ಮ ಮನೆಯಲ್ಲಿ ಉಪ್ಪಿನಕಾಯಿ ಜಾಡಿಯನ್ನು ಕೂಡ ಯಾರೂ ಬಾಗಿಲ ಹೊಸ್ತಿಲ ಮೇಲೆ ಇಡುವುದಿಲ್ಲ.

ಬಂಡೆಗಳ ನಡುವಿನ ಕಾಲುದಾರಿಯಲ್ಲಿ ಇಳಿಯುತ್ತಿದ್ದೆ. ಶನಿವಾರ ಭಾನುವಾರ ಬೆಂಗಳೂರಿನವರು ಸೈಕಲ್ ಹೊಡೆಯಲು ಬರುವ ದಾರಿ ಅದು. ಸೈಕಲ್ ಜೋರಾಯಿತು. ಬ್ರೇಕು ಅಂತ ಏನನ್ನೋ ಒತ್ತಿದೆ. ಅದು ಗೇರು! ಕೆಳಗೆ ಬಾವಲಿ ರೆಕ್ಕೆ ಬಡಿಯಿತು. ಗಾಬರಿಯಾಗಿ ಇನ್ನೊಂದನ್ನು ಒತ್ತಿದೆ. ಅದೂ ಗೇರು! ಆ ಹೊತ್ತಿಗೆ ಕಂತೆಯಿಂದ ಒಂದು ಹಿಪ್ಪುನೇರಳೆ ಕಡ್ಡಿ ಮೆಲ್ಲಗೆ ಚೈನಿನೊಳಗೆ ನುಗ್ಗಿತು. ಕಟಕಟ ಅಂದಿತು. ಚಕ್ರ ನಿಂತಿತು. ಸೈಕಲ್ ನಿಂತಿತು. ನಾನೊಬ್ಬ ನಿಲ್ಲಲಿಲ್ಲ.

ಪೊದೆಯಿಂದ ಎದ್ದು ಬರುವಾಗ ಹಿಂದಿನಿಂದ ಹೆಲ್ಮೆಟ್ ಹಾಕಿದ ಒಬ್ಬ ಸೈಕಲ್ಲಿನವನು ಬಂದು ನಿಂತ. ಬಗ್ಗಿ ನೋಡಿದ.

"ಅಂಕಲ್, ಡಿರೈಲರ್ ಮುರಿದಿಲ್ಲ. ಅದನ್ನ ಹಿಡ್ಕೊಂಡಿರೋ ಕೊಕ್ಕೆ ಬೆಂಡ್ ಆಗಿದೆ ಅಷ್ಟೆ. ಮುಟ್ಬೇಡಿ, ತಳ್ಕೊಂಡು ಹೋಗಿ. ಟೌನಲ್ಲಿ ಅಂಗಡಿಗೆ ಕೊಟ್ರೆ ಸಂಜೆಗೆ ಸರಿ ಮಾಡಿಕೊಡ್ತಾರೆ."

"ತಳ್ಕಂಡು ಓಗಕ್ಕೆ ಸೈಕಲ್ ಯಾಕಪ್ಪ ಬೇಕು?"

"ಹಾಗಾದ್ರೆ ಚೈನ್ ಕಟ್ ಮಾಡಿ, ಚಿಕ್ಕದು ಮಾಡಿ ಹಾಕಿಕೊಡ್ಲಾ? ಗೇರ್ ಇರಲ್ಲ, ಆದ್ರೆ ತುಳ್ಕೊಂಡು ಮನೆ ಸೇರ್ಬಹುದು."

ನನಗೆ ರೇಗಿತು. "ಒಟ್ಟೆನೋವು ಅಂದ್ರೆ ಕರ್ಳು ಕತ್ತರ್ಸಿಯೇನಪ್ಪಾ ನೀನು? ನಿಮ್ಮಟ್ಟಿ ಸೈಕಲ್ ಆಗಿದ್ರೆ ಕತ್ತರ್ಸ್ತಿದ್ಯಾ?"

"ಸಾರಿ ಅಂಕಲ್" ಅಂದ ಆ ಪುಣ್ಯಾತ್ಮ. ನನಗಿಂತ ಮೂವತ್ತು ವರ್ಷ ಚಿಕ್ಕವನು, ತಪ್ಪು ಮಾಡದೆಯೇ ಎಷ್ಟು ಸಲೀಸಾಗಿ ಅಂದು ಹೋದ!

ಅವನು ಮರೆಯಾದ ಮೇಲೆ ಒಂದು ಒಳ್ಳೆಯ ಕಲ್ಲು ಹುಡುಕಿದೆ. ಬಾಗಿದ್ದನ್ನು ನೆಟ್ಟಗೆ ಮಾಡುವುದು ಅಂಥ ದೊಡ್ಡ ವಿದ್ಯೆಯೇ? ಒಂದು ಏಟಿಗೆ ಅರ್ಧ ನೆಟ್ಟಗಾಯಿತು. ಎರಡನೇ ಏಟಿಗೆ ಪೂರಾ ನೆಟ್ಟಗಾಯಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಇರಲಿ ಅಂತ ಇನ್ನೊಂದು ಹಾಕಿದೆ. ಬಾವಲಿ ಕೈಗೆ ಬಂತು!

ಮನೆಗೆ ತಳ್ಳಿಕೊಂಡು ಬಂದೆ. ಜಯಮ್ಮ ಮೊದಲು ಸೊಪ್ಪು ನೋಡಿದಳು, ಆಮೇಲೆ ಸೈಕಲ್ ನೋಡಿದಳು, ಆಮೇಲೆ ನನ್ನನ್ನು.

"ಈಗ್ಲೇ ಫೋನ್ ಮಾಡಿ ಏಳ್ಬುಡಿ. ಒತ್ತು ಮುಳುಗಾಕ್ ಮುಂಚೆ ಆ ಮಗಾ ಏನಾರ ದಾರಿ ಮಾಡ್ಕತದೆ."

"ಪರೀಕ್ಷೆ ಬರ್ದು ಸುಸ್ತಾಗಿರ್ತಾಳೆ ಕಣೆ. ಯಾಕ್ ಸುಮ್ನೆ ತೊಂದ್ರೆ ಕೊಡಾದು?"

ನೋಡಿ ನನ್ನ ಕರುಣೆ!

ಹುಳು ಹಣ್ಣಾದಾಗ ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟೆಗೆ ಚಂದ್ರಿಕೆ ಅನ್ನುತ್ತಾರೆ. ಅದು ಹರಿದರೆ ಹೊಲಿಯುವ ಸಣ್ಣ ತಂತಿ ನಮ್ಮಲ್ಲಿ ಸದಾ ಇರುತ್ತದೆ. ಆ ತಂತಿಯಿಂದ ಡಿರೈಲರನ್ನು ಇದ್ದ ಜಾಗಕ್ಕೇ ಬಿಗಿದೆ. ಹುಳುವಿಗೆ ಚುಚ್ಚಬಾರದೆಂದು ನಾವು ತಂತಿಯ ತುದಿಯನ್ನು ಒಳಕ್ಕೆ ಮಡಚಿ ಗಂಟು ಹಾಕುತ್ತೇವೆ. ಇಲ್ಲೂ ಹಾಗೇ ಹಾಕಿದೆ. ಬ್ಲೀಚಿಂಗ್ ನೀರು ಕುಡಿದ ಚೈನು ಅಷ್ಟರಲ್ಲಿ ಕೆಂಪಾಗತೊಡಗಿತ್ತು. ಅದಕ್ಕೆ ಹರಳೆಣ್ಣೆ ಹಚ್ಚಿದೆ. ದುಪ್ಪಟಿ ಹೊದಿಸಿದೆ. ಮೇಲಿನಿಂದ ನೋಡಿದರೆ ಏನೂ ಆಗಿರಲಿಲ್ಲ.

ಸಂಜೆ ಅವಳೇ ಫೋನ್ ಮಾಡಿದಳು.

"ಮಾವ, ಸೈಕಲ್ ಎಂಗೈತೆ?"

"ಅದಕ್ಕೇನ್ ಕಮ್ಮಿ? ದುಪ್ಪಟಿ ಒದ್ಕಂಡು ಮನೀಕಂಡೈತೆ" ಅಂದೆ.

ಅದು ಸುಳ್ಳಲ್ಲ.

ಮಾರನೆಯ ಬೆಳಗ್ಗೆ ಪಂದ್ಯ ಶುರುವಾಗುವ ಹೊತ್ತಿಗೆ ಸರಿಯಾಗಿ ಹೋಗಿ ಇಳಿಸಿದೆ. ಬೇಗ ಹೋಗಿದ್ದರೆ ಅವಳು ಪರೀಕ್ಷಿಸಿ ನೋಡುತ್ತಿದ್ದಳಲ್ಲ! ಹುಡುಗಿಯರೆಲ್ಲ ಸಾಲಾಗಿ ನಿಂತಿದ್ದರು. ಸೊಸೆ ಓಡಿ ಬಂದು ದುಪ್ಪಟಿ ಎಳೆದಳು. ಹಿಂದಿನ ಚಕ್ರದ ಹತ್ತಿರ ಕೂತಳು. ಬೆರಳು ಆ ತಂತಿಯ ಮೇಲೆ ಹೋಗಿ, ಒಳಕ್ಕೆ ಮಡಚಿದ ತುದಿಯ ಹತ್ತಿರ ನಿಂತಿತು. ಆ ಗಂಟನ್ನು ಅವಳಿಗೆ ಕಲಿಸಿದವನು ನಾನೇ. ತಲೆ ಎತ್ತಿ ನನ್ನನ್ನು ನೋಡಿದಳು. ನಾನು ಶಾಮಿಯಾನ ನೋಡಿದೆ.

ಟೋಪಿ ಹಾಕಿದ ಅಧಿಕಾರಿಯೊಬ್ಬರು ಬಂದರು. ಬಗ್ಗಿದರು. ಅವರ ದನಿ ಸುತ್ತಲಿದ್ದವರಿಗೆಲ್ಲ ಕೇಳಿಸಿತು.

"ಏನಮ್ಮಾ ಇದು, ತಂತಿ ಕಟ್ಕೊಂಡು ಸ್ಟೇಟ್ ಸೆಲೆಕ್ಷನ್ನಿಗೆ ಬಂದಿದ್ದೀಯ? ಯಾರು ಕಟ್ಟಿದ್ದು ಇದನ್ನ?"

ನಾನು ಬಾಯಿ ತೆರೆಯುವ ಮೊದಲೇ ಅವಳು ಅಂದಳು:

"ನಾನೇ ಸಾರ್."

ಸುತ್ತಲಿದ್ದವರು ನಕ್ಕರು. "ಒಂದಿಷ್ಟಾದ್ರೂ ಜವಾಬ್ದಾರಿ ಬೇಡವೇನಮ್ಮ?" ಅಂದರು ಅಧಿಕಾರಿ. ಆಮೇಲೆ ನನ್ನ ಕಡೆ ತಿರುಗಿ, "ನೀವಾದ್ರೂ ಹೇಳ್ಬಾರ್ದಾ ಯಜಮಾನ್ರೆ?" ಅಂದರು.

ಬಾಯಿ ತೆರೆದೇ ಇತ್ತಲ್ಲ. ಅದರಿಂದ ಬಂದ ಮಾತು ಇದು:

"ಬಡ್ಕಂಡೆ ಸಾರ್. ಈ ಕಾಲದ ಮಕ್ಳು ನಮ್ ಮಾತೆಲ್ಲಿ ಕೇಳ್ತವೆ!"

ಇದನ್ನು ಬರೆಯುವುದಕ್ಕೇ ಇಷ್ಟು ದಿನ ಹಿಡಿಯಿತು.

ಪೀಪಿ ಊದಿದರು. ತಂತಿ ಬಿಗಿದ ಮೇಲೆ ಗೇರು ಬದಲಾಗುವಂತಿರಲಿಲ್ಲ, ಅವಳು ಇದ್ದ ಒಂದೇ ಗೇರಿನಲ್ಲಿ ಹೊರಟಳು. ಮೊದಲ ಏರಿನಲ್ಲಿ ನನ್ನ ತಂತಿ ಹಿಡಿದುಕೊಂಡಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಹೆಮ್ಮೆಯಾಯಿತು! ಏರಿನ ತುದಿಯಲ್ಲಿ ಮಣ್ಣು ಮೆತ್ತಿದ ಚೈನು ಬಿಗಿದುಕೊಂಡಿತು. ಡಿರೈಲರು ಚಕ್ರದ ಕಡ್ಡಿಗಳೊಳಗೆ ಹೋಗಿ ಸಿಕ್ಕಿಕೊಂಡಿತು. ಉಳಿದವರೆಲ್ಲ ಪಕ್ಕದಿಂದ ದಾಟಿ ಹೋದರು. ಅವಳು ಸೈಕಲ್ಲನ್ನು ಹೆಗಲ ಮೇಲೆ ಹಾಕಿಕೊಂಡು ಓಡಿದಳು. ಮೊದಲು ಬಂದವರಿಗೆ ಹಾರ ಹಾಕಿ, ಚಪ್ಪಾಳೆ ತಟ್ಟಿ, ಶಾಮಿಯಾನದ ಹಗ್ಗ ಬಿಚ್ಚುತ್ತಿದ್ದಾಗ ಬಂದು ಗೆರೆ ಮುಟ್ಟಿದಳು. ಆಯ್ಕೆ ಮುಗಿದಿತ್ತು. ಅವಳ ಪಾಲಿಗೆ ಅದು ಅಲ್ಲಿಗೆ ಪೂರ್ತಿ ಮುಗಿಯಿತು.

ಹಿಂದಿರುಗುವಾಗ ಆಟೊದಲ್ಲಿ ನಾನು ಮುಂದೆ, ಅವಳು ಹಿಂದೆ ಸೈಕಲ್ ಹಿಡಿದು ಕೂತಿದ್ದಳು. ಬೈಗುಳಕ್ಕೆ ನಾನು ಸಿದ್ಧವಾಗಿದ್ದೆ. ಉತ್ತರವನ್ನೂ ಜೋಡಿಸಿಕೊಂಡಿದ್ದೆ. ಹುಳು ಸಾಯಲು ಬಿಡಬೇಕಿತ್ತಾ? ಕ್ಯಾರಿಯರ್ ಇಲ್ಲದ ಸೈಕಲ್ ಯಾರು ಮಾಡಿದರು? ಕೈಲಾಂಚ ದಾಟಿದ ಮೇಲೆ ಅವಳು ಕೇಳಿದಳು:

"ಮಾವ, ಹುಳ ಹಣ್ಣಾದ್ವಾ?"

"ನಾಳೀಕಾಯ್ತವೆ."

"ಸರಿ, ಮನೆಗೋದ್ ತಕ್ಷಣ ಚಂದ್ರಿಕೆ ತೊಳ್ದು ಮಡಗ್ತೀನಿ."

ನನಗೆ ಎಂಥ ಸಿಟ್ಟು ಬಂತು ಗೊತ್ತೇ? ಬಯ್ಯಬಾರದೇ ಈ ಹುಡುಗಿ? ಬೈದಿದ್ದರೆ ನಾನೂ ನಾಲ್ಕು ಮಾತು ಬೈದು, ಇಬ್ಬರಿಗೂ ಸಮವಾಗುತ್ತಿತ್ತು. ಒಬ್ಬ ಮುದುಕನನ್ನು ಹೀಗೆ ಬೈಯದೆ ಬಿಡುವುದು ಯಾವ ನ್ಯಾಯ?

ಆ ಸಲ ಗೂಡು ಬಹಳ ಚೆನ್ನಾಗಿ ಬಂತು. ಮಾರ್ಕೆಟ್ಟಿನಲ್ಲಿ ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿದವರೆಲ್ಲ ಹೊಗಳಿದರು. ಹೊಗಳಿಕೆಯನ್ನು ನಾನು ಪೂರ್ತಿ ಇಟ್ಟುಕೊಂಡೆ.

ಕಾಲು ತಾಗಿದರೆ ಪುಸ್ತಕಕ್ಕೆ ಕೈಮುಗಿಯುತ್ತೇನೆ. ಪೊರಕೆ ದಾಟಿದರೂ ಕಣ್ಣಿಗೊತ್ತಿಕೊಳ್ಳುತ್ತೇನೆ. ಆದರೆ ಮಾವ ಸೊಸೆಗೆ ತಪ್ಪಾಯಿತು ಅಂದದ್ದನ್ನು ನಾನು ನಮ್ಮ ಸೀಮೆಯಲ್ಲೇ ಕೇಳಿಲ್ಲ. ಆದರೂ ಒಂದು ದಿನ ಊಟಕ್ಕೆ ಕೂತಾಗ ಧೈರ್ಯ ಮಾಡಿದೆ.

"ಅವ್ವಾ..."

"ಏನ್ ಮಾವ?"

ಮುದ್ದೆ ಮುರಿದು ಸಾರಿನಲ್ಲಿ ಅದ್ದಿದೆ. "ಸಾರು... ಸಾರು ಬೋ ಚೆನ್ನಾಗೈತೆ."

"ಇವತ್ತು ಅತ್ತೆ ಮಾಡಿದ್ದು ಮಾವ."

ಜಯಮ್ಮ ನನ್ನ ಕಡೆ ನೋಡಿದ ನೋಟಕ್ಕೆ ಆ ಸಾರೂ ಸಪ್ಪೆಯಾಯಿತು.

ಈಗ ಅವಳು ರಾಮನಗರದ ಒಂದು ಶಾಲೆಯಲ್ಲಿ ಆಟದ ಮೇಡಂ. ಅವಳು ಶಾಲೆಗೆ ಹೋಗಿರುವ ಹೊತ್ತು ನೋಡಿಕೊಂಡೇ ಇದನ್ನು ಬರೆಯುತ್ತಿದ್ದೇನೆ. ಎದುರಿಗೆ ಹೇಳುವ ಗಂಡಸುತನ ಇನ್ನೂ ಬಂದಿಲ್ಲ. ಇಷ್ಟು ಬರೆದು ಓದಿ ನೋಡಿದರೆ ಮೊದಲಿನಿಂದ ಕೊನೆಯವರೆಗೂ ಸೊಸೆ, ಸೊಸೆ ಅಂತಲೇ ಇದೆ. ಬೆಂಗಳೂರಿನವನ ಹೆಲ್ಮೆಟ್ಟೂ ಬಂತು, ಅಧಿಕಾರಿಯ ಟೋಪಿಯೂ ಬಂತು, ನನ್ನ ಪಾಸಿನ ವಿಷಯವೂ ಬಂತು. ನನ್ನ ತಪ್ಪನ್ನು ಹೆಗಲಿಗೆ ಹಾಕಿಕೊಂಡವಳಿಗೆ ಒಂದು ಹೆಸರಿದೆ ಅನ್ನುವುದೊಂದೇ ನೆನಪಾಗಲಿಲ್ಲ.

ಅವಳ ಹೆಸರು ರಂಜಿತ.