ಚಕ್ಕಳಮಕ್ಕಳ ಹಾಕದ ಕಾಕಾ

ನಮ್ಮ ಕಾಕಾ ಹೆದರಿದಷ್ಟು ಸಾವಿಗೆ ಹೆದರಿದವರನ್ನು ಯಮನೂ ಕಂಡಿರಲಿಕ್ಕಿಲ್ಲ! ಮೊಮ್ಮಗಳು ಕಲಿಸಿದ ಫೋನಿನಲ್ಲಿ ಒಂದೇ ಬೆರಳಲ್ಲಿ ಒತ್ತುತ್ತಿದ್ದೇನೆ. ಸುಳ್ಳು ಬರೆಯುವಷ್ಟು ತ್ರಾಣವಿಲ್ಲ.

ಅವರು ಚಕ್ಕಳಮಕ್ಕಳ ಹಾಕಿ ಕೂತದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ. ಯಾಕೆ ಅಂತೀರಾ? ನಮ್ಮ ಜನ ಸತ್ತವರನ್ನು ಮಲಗಿಸುವುದಿಲ್ಲ. ಚಕ್ಕಳಮಕ್ಕಳ ಹಾಕಿ ಕೂರಿಸಿ, ಅಂಗೈಗೆ ಲಿಂಗ ಕೊಟ್ಟು ಮಣ್ಣು ಮಾಡುತ್ತಾರೆ. "ಹಂಗ ಕುಂತ್ರ ಮಣ್ಣು ಕರೀತೈತಿ" ಎನ್ನುವುದು ಕಾಕಾನ ವಾದ. ಊಟಕ್ಕೂ ಕುಕ್ಕರಗಾಲು, ಲಿಂಗಪೂಜೆಗೂ ಕುಕ್ಕರಗಾಲು. ಹುಕ್ಕೇರಿಯ ಮದುವೆಯೊಂದರಲ್ಲಿ ಪಂಕ್ತಿಯಲ್ಲಿ ಇವರೊಬ್ಬರೇ ಹಾಗೆ ಕೂತರು. ಬೀಗರು ಸಿಟ್ಟಾಗಿ ಏಳುತ್ತಿದ್ದಾರೆಂದು ಹೆಣ್ಣಿನ ಕಡೆಯವರು ಗಾಬರಿಬಿದ್ದು ಹೋಳಿಗೆಯ ಮೇಲೆ ಹೋಳಿಗೆ ಬಡಿಸಿದರು. ಕಾಕಾ ಬೇಡವೆನ್ನಲಿಲ್ಲ. ಹೆದರಿಕೆ ಸಾವಿಗೆ, ಹೋಳಿಗೆಗಲ್ಲವಲ್ಲ!

ನಾನು ಲಂಗ ಉಡುವ ವಯಸ್ಸಿನಲ್ಲಿ ಮೂಡಲಗಿ ಕಡೆಗೆ ಪ್ಲೇಗು ಬಂತು. ಜಂತಿಯಿಂದ ಇಲಿ ಬಿತ್ತೆಂದರೆ ಊರಿಗೆ ಊರೇ ಹೊಲಕ್ಕೆ ಹೋಗಿ ಜೋಪಡಿ ಹಾಕಬೇಕು. ನಮ್ಮ ಓಣಿಯ ಮೊದಲ ಇಲಿ ನೆಲ ಮುಟ್ಟುವುದರೊಳಗೆ ಕಾಕಾ ಹೊಲ ಮುಟ್ಟಿದ್ದರು. ತಮಗೊಂದು ಜೋಪಡಿ, ಹೆಂಡತಿಗೆ, ಅಂದರೆ ನನ್ನ ಚಿಗವ್ವನಿಗೆ, ಕೂಗಳತೆಯಲ್ಲಿ ಇನ್ನೊಂದು. ಆಕೆ ರೊಟ್ಟಿ ಬಡಿದು ನಡುವಿನ ಬೇವಿನ ಬುಡದಲ್ಲಿಟ್ಟು ಹಿಂದೆ ಸರಿದ ಮೇಲೆಯೇ ಇವರು ಬಂದು ಒಯ್ಯುವುದು.

"ನಾ ಬಡದ ರೊಟ್ಟಿ ನಡೀತೈತಿ, ನಾ ನಡಿಯಂಗಿಲ್ಲೇನ್ರಿ?" ಎಂದು ಚಿಗವ್ವ ಕೂಗಿದಳು.

"ರೊಟ್ಟಿ ಬೆಂಕ್ಯಾಗ ಬೆಂದೈತಿ. ನೀ ಬೆಂದಿಲ್ಲ."

ಗೋಕಾಕದಿಂದ ಸೂಜಿ ಚುಚ್ಚುವವರು ಬಂದು ಕೂತುಕೊಳ್ಳಿ ಎಂದರು. ಕಾಕಾ ನಿಂತೇ ಚುಚ್ಚಿಸಿಕೊಂಡು, ನಿಂತಲ್ಲೇ ಎಚ್ಚರ ತಪ್ಪಿ ಬೋರಲು ಬಿದ್ದರು. ಬಿದ್ದರೇ ಹೊರತು ಕೂರಲಿಲ್ಲ!

ಒಂದು ಮುಂಜಾನೆ ಬೇವಿನ ಬುಡದಲ್ಲಿ ರೊಟ್ಟಿ ಇರಲಿಲ್ಲ. ಚಿಗವ್ವನಿಗೆ ಜ್ವರ, ಕಂಕುಳಲ್ಲಿ ಗಡ್ಡೆ. ಯಾರೂ ಆ ಕಡೆ ಹಾಯಲಿಲ್ಲ. ನಾನು ಅವ್ವನ ಕಣ್ಣು ತಪ್ಪಿಸಿ ಹೋಗಿ ಜೋಪಡಿಯ ತಟ್ಟಿಯ ಸಂದಿಯಲ್ಲಿ ಇಣುಕಿದೆ. ಒಳಗೆ ಕಾಕಾ, ಬರೀ ನೆಲದ ಮೇಲೆ, ಚಕ್ಕಳಮಕ್ಕಳ ಹಾಕಿ! ತೊಡೆಯ ಮೇಲೆ ಚಿಗವ್ವನ ತಲೆ. ಕುಕ್ಕರಗಾಲಲ್ಲಿ ಕೂತವರಿಗೆ ತೊಡೆ ಎಲ್ಲಿರುತ್ತದೆ, ಹೇಳಿ?

"ಕಾಲ ಬಿಚ್ಚರಿ," ಎಂದಳು ಆಕೆ. "ಮಣ್ಣು ಕರೀತೈತಿ."

"ಕರೀಲಿ. ನೀ ಮಕ್ಕೊ."

ಮರುದಿನ ಚಿಗವ್ವನನ್ನು ಹೊಲದ ಅಂಚಿನಲ್ಲಿ ಕೂರಿಸಿ ಬಂದರು.

ಕಾಕಾ ಆಮೇಲೆ ಬಹಳ ವರ್ಷ ಬಾಳಿದರು. ಊಟಕ್ಕೆ ಚಕ್ಕಳಮಕ್ಕಳ ಹಾಕಿಯೇ ಕೂರುತ್ತಿದ್ದರು. ಈಗ ಹೆದರಿಕೆ ಆಗುವುದಿಲ್ಲವೇ ಎಂದು ಅವ್ವ ಒಮ್ಮೆ ಕೇಳಿಯೇಬಿಟ್ಟಳು.

"ಆಕಿ ಒಬ್ಬಾಕಿನೇ ಹಂಗ ಕುಂತಾಳಲ್ರಿ, ವೈನಿ," ಎಂದು ಕಾಕಾ ತಾಟು ಹತ್ತಿರ ಎಳೆದುಕೊಂಡರು.