ಎಡಗಡೆಯ ಎಂಬುವಾಸ್

ಕೂಗು ಕೇಳಿದವರು ನೂರು ಜನ, ಕಣ್ಣಾರೆ ಕಂಡವರು ಒಬ್ಬರೂ ಇಲ್ಲ! ಅಂಥ 'ಎಂಬುವಾಸ್' ಎಂಬುವ ಹಕ್ಕಿಯ ಫೋಟೋ ತೆಗೆದೇ ತೀರುತ್ತೇನೆಂದು ನಾನು ಶಪಥ ಮಾಡಿದೆ. ಅದೂ ಒಂದೇ ಸೂರಿನಡಿ ಇಪ್ಪತ್ತೆರಡು ಬಾಗಿಲು, ಇಪ್ಪತ್ತೆರಡು ಸಂಸಾರಗಳಿರುವ ನಮ್ಮ ಉದ್ದಮನೆಯ ಜಗಲಿಯಲ್ಲಿ, ಸಕಲ ಬಂಧುಬಳಗದ ಸಮ್ಮುಖದಲ್ಲಿ! ಈ ಮನೆಯ ಮೊದಲ ಪದವೀಧರ ನಾನು. ಶಪಥವೂ ಪದವಿಗೆ ತಕ್ಕಂತಿರಬೇಡವೇ?

"ಅದು ಶಕುನ ಕೂಗಿ ದಾರಿ ಹೇಳೋ ಹಕ್ಕಿ ಕಣೋ. ಅದರ ಹತ್ರ ಆಟ ಬೇಡ" ಎಂದು ಮಾಂಗ್ಗಾಯ್ ಮಾವ ಗದರಿಸಿದ.

ನನಗೆ ಬೇರೆಯದೇ ಆತುರ. ವಯಸ್ಸು ಮೂವತ್ತೆಂಟು. ದೂರದ ಹಳ್ಳಿಶಾಲೆಯಲ್ಲಿ ಮೇಷ್ಟ್ರ ಕೆಲಸ. ಕೋಣೆಯಲ್ಲಿ ಒಂದು ತಟ್ಟೆ, ಒಂದು ಲೋಟ, ಒಂದು ದಿಂಬು. ಮಾತಾಡಲು ಗೋಡೆಯ ಹಲ್ಲಿಯೊಂದೇ. ಅದೂ ಲೊಚಗುಟ್ಟಿ ಹೋಗಿಬಿಡುತ್ತಿತ್ತು! ಇಂಥವನಿಗೆ ಕಾಪಿತ್ ಪೇಟೆಯ ನರ್ಸ್ ಲೆಮಾಯ್ 'ಹೂಂ' ಅಂದಿದ್ದಳು. ಈ ರಜೆಯಲ್ಲಿ ಮಾತುಕತೆ ಆಗಲೇಬೇಕು. ತಪ್ಪಿದರೆ ಅವಳಿಗೆ ಕಡಲತೀರದ ಮಿರಿಗೆ ವರ್ಗ. ಗುರುವಾರ ಬೆಳಿಗ್ಗೆ ಮಾವ ಹಿರಿಯರೊಡನೆ ದೋಣಿ ಹತ್ತಿ ಹೆಣ್ಣು ಕೇಳಲು ಹೋಗುವುದೆಂದು ನಿಶ್ಚಯವಾಯಿತು. ನನಗೆ, "ನೀನು ಬರಬೇಡ, ಬಾಯಿ ಜಾಸ್ತಿ" ಎಂದರು.

ಲೆಮಾಯ್ ಫೋನಿನಲ್ಲಿ ಕೆಣಕಿದ್ದಳು: "ನಿಮ್ಮ ಫೋಟೋದಲ್ಲಿ ಯಾವಾಗ್ಲೂ ಬರೀ ಕೊಂಬೆನೇ ಇರತ್ತಲ್ಲ ಮೇಷ್ಟ್ರೇ, ಹಕ್ಕಿ ರಜದಲ್ಲಿದೆಯಾ?"

ಬುಧವಾರವೇ ಕಾಡು ಸೇರಿದೆ. ಹೊಳೆಯ ಮೇಲಿನ ದಿಬ್ಬದಲ್ಲಿ ಸೊಪ್ಪಿನ ಮರೆ ಕಟ್ಟಿದೆ. ಮರಕ್ಕೆ ಪುಟ್ಟ ಸ್ಪೀಕರ್ ಬಿಗಿದು, ಎಂಬುವಾಸಿನ ಧ್ವನಿಮುದ್ರಣ ಹಾಕಿದೆ. ಉದ್ದನೆಯ ಒಂದು ಸಿಳ್ಳೆ, ಆಮೇಲೆ ಬಿಕ್ಕಿದಂಥ ಸಣ್ಣ ಸಿಳ್ಳೆಗಳು. ಗುರುವಾರ ಇಡೀ ದಿನ ಕರೆದೆ. ಶುಕ್ರವಾರವೂ ಕರೆದೆ. ಬಂದದ್ದು ಜಿಗಣೆಗಳು ಮಾತ್ರ! ಕೆಳಗೆ ಹೊಳೆಯ ಅಬ್ಬರ. ಮನುಷ್ಯರ ದನಿ ಕೇಳದು, ಫೋನಿಗೆ ಸಿಗ್ನಲ್ ಇಲ್ಲ. ಎರಡನೆಯ ದಿನ ನಾನು ಜಿಗಣೆಗಳಿಗೆ ಹಾಜರಿ ಕೂಗಿದ್ದನ್ನು ಯಾರಿಗೂ ಹೇಳಬೇಡಿ.

ಶನಿವಾರ ಬೆಳಗಾಗುವಷ್ಟರಲ್ಲಿ ಸ್ಪೀಕರಿನ ಬ್ಯಾಟರಿ ಸತ್ತಿತು. ಗಂಟು ಕಟ್ಟುತ್ತಿದ್ದೆ. ಆಗ, ನಾಲ್ಕೇ ಮಾರು ದೂರದಲ್ಲಿ, ನೀಲಿ ಪಟ್ಟೆ, ಕೆಂಪು ಕೊಕ್ಕು, ಮೀನೇ ತಿನ್ನದ ಮಿಂಚುಳ್ಳಿ! ತುರಾಯಿ ಮೆಲ್ಲಗೆ ಎತ್ತಿ, ಇಳಿಸಿ, ಬಾಯ್ತೆರೆದು ಕೂಗಿತು. ಕ್ಲಿಕ್!

ಚಕ್ರವರ್ತಿಯಂತೆ ಜಗಲಿ ಹತ್ತಿದೆ. ಮಾವ ಅಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದ.

"ಯಾವಾಗ ವಾಪಸ್ ಬಂದ್ರಿ ಮಾವ?"

"ಹೋಗಿದ್ರೆ ತಾನೇ ವಾಪಸ್ ಬರೋದು!"

"ಅಂದ್ರೆ?"

"ಗುರುವಾರ ದೋಣಿಗೆ ಕಾಲಿಟ್ವಿ, ಎಡಗಡೆ ಎಂಬುವಾಸ್ ಕೂಗ್ತು. ಹೆಣ್ಣು ಕೇಳೋಕೆ ಹೊರಟಾಗ ಅದು ಎಡಗಡೆ ಕೂಗಿದ್ರೆ ಮುಂದೆ ಹೋಗ್ತಾರೇನೋ? ತಿರುಗಿ ಬಂದ್ವಿ. ಶುಕ್ರವಾರ ಹೊರಟ್ವಿ, ಮತ್ತೆ ಎಡಗಡೆ! ಇವತ್ತೂ ಎಡಗಡೆ! ಮೂರು ಸಲ ಬೇಡ ಅಂದ್ಮೇಲೆ ಮುಗೀತು ಬಿಡು."

ನಾನು ಗಂಟನ್ನು ಅಲ್ಲೇ ಬಿಸಾಡಿದೆ. "ಮಾವಾ! ಅದು ಹಕ್ಕಿ ಅಲ್ಲ, ನಾನು! ದೋಣಿಗಟ್ಟೆಯ ಎಡಕ್ಕಿರೋ ದಿಬ್ಬದಲ್ಲಿ ಕಟ್ಟಿದ್ದ ನನ್ನ ಸ್ಪೀಕರು!" ಫೋನಿನಲ್ಲೇ ಸಿಳ್ಳೆ ಹಾಕಿ ಕೇಳಿಸಿದೆ. ಜಗಲಿಯೆಲ್ಲ ಬಿದ್ದು ಬಿದ್ದು ನಕ್ಕಿತು.

"ಥೂ ನಿನ್ನ! ಪೆಟ್ಟಿಗೆ ಕೂಗಿದ್ದನ್ನ ಶಕುನ ಅಂತಾರಾ? ನಾಳೆನೇ ಹೊರಡ್ತೀವಿ" ಎಂದು ಮಾವ ಎದ್ದ. ಏಳುತ್ತಾ, "ಇವತ್ತು ಬೆಳಿಗ್ಗೆ ಕೂಗಿದ್ದೂ ಪೆಟ್ಟಿಗೆನೇ ತಾನೇ?" ಎಂದ.

'ಹೌದು' ಎಂಬ ಎರಡಕ್ಷರ ಸಾಕಿತ್ತು. ಆದರೆ ಪದವೀಧರನ ಹೆಮ್ಮೆ ಕೇಳಬೇಕಲ್ಲ!

"ಛೇ, ಇವತ್ತು ಬ್ಯಾಟರಿ ಎಲ್ಲಿತ್ತು? ಇವತ್ತಿಂದು ಅಸಲಿ ಹಕ್ಕಿ ಮಾವ! ನೋಡಿ, ಬಾಯಿ ತೆಗೆದು ಕೂಗ್ತಾ ಇದೆ! ಫೋಟೋ ಮೇಲೆ ಹೊತ್ತೂ ಬಿದ್ದಿದೆ ನೋಡಿ, ಏಳು ಹತ್ತು!"

ಎದ್ದಿದ್ದ ಮಾವ ಮತ್ತೆ ಕುಕ್ಕರುಗಾಲಲ್ಲಿ ಕೂತ.

"ಏಳು ಹತ್ತಕ್ಕೇ ಕಣೋ ನಾವು ದೋಣಿಗೆ ಕಾಲಿಟ್ಟಿದ್ದು" ಎಂದ ಮಾವ, ಮೆಲ್ಲಗೆ. "ಒಂದು ನಿಜ ಆದ್ರೂ ಸಾಕು. ಮುಂದಿನ ಸುಗ್ಗಿ ಕಳೀಲಿ, ನೋಡೋಣ."

ಸುಗ್ಗಿಯ ಹೊತ್ತಿಗೆ ಲೆಮಾಯ್ ಮಿರಿಯಲ್ಲಿದ್ದಳು. ನಾನು ಹಲ್ಲಿಯ ಕೋಣೆಯಲ್ಲಿ ಕೂತು ಫೋಟೋ ಕಳಿಸಿದೆ. ಫೋನ್ ಬಂತು.

"ಚೆನ್ನಾಗಿದೆ ಮೇಷ್ಟ್ರೇ. ಗಂಡೋ ಹೆಣ್ಣೋ?"

"ಗಂಡು! ನೀಲಿ ಪಟ್ಟೆ ನೋಡಿದ್ರೇ ಗೊತ್ತಾಗತ್ತೆ."

ಅವಳು ನಿಟ್ಟುಸಿರಿಟ್ಟಳು. "ಪಾಪ! ಯಾರೋ ಎರಡು ದಿನದಿಂದ ಕರೀತಿದಾಳೆ ಅಂತ ಆಸೆಯಿಂದ ಓಡಿ ಬಂದಿರತ್ತೆ. ನೋಡಿದ್ರೆ, ನೀವು ಕೂತಿದ್ರಿ!"