‘ಇನ್ನೇನು’ ಕಾಲದ ಸದ್ಬಳಕೆಯ ಬಗ್ಗೆ

ಸುತ್ತೋಲೆ ಸಂಖ್ಯೆ: ಭಾಷೆ/ಫ್ರೆಂ/ಇನ್ನೇನು/೩೨/ತಿದ್ದುಪಡಿ-೭
ದಿನಾಂಕ: ಮೇಲಧಿಕಾರಿಗಳು ಸಹಿ ಮಾಡಲಿರುವ ದಿನ

ವಿಷಯ: ಕಚೇರಿಯ ಫ್ರೆಂಚ್ ತರಗತಿಯಲ್ಲಿ ಕ್ರಿಯಾಪದಗಳ ಸಮೀಪ ಭವಿಷ್ಯತ್ ರೂಪಗಳನ್ನು ಹೇಳುವ, ಬರೆಯುವ ಹಾಗೂ ನಂಬುವ ಕುರಿತು.

ಉಲ್ಲೇಖ:
(ಅ) ಒಂಬತ್ತು ವರ್ಷಗಳ ಹಿಂದೆ ಫ್ರೆಂಚ್ ಭಾಷೆಯಲ್ಲಿ ಬಂದ ಪತ್ರ (ಓದಿಲ್ಲ).
(ಆ) ಫ್ರೆಂಚ್ ಶಿಕ್ಷಕಿಯವರ ಹನ್ನೊಂದು ಮನವಿಗಳು (ಓದಿ ಮಡಚಿಡಲಾಗಿದೆ).

ಉಲ್ಲೇಖ (ಅ)ರ ಪತ್ರಕ್ಕೆ ಉತ್ತರ ಬರೆಯುವಷ್ಟು ಭಾಷೆ ಸಿಬ್ಬಂದಿಗೆ ಬರಲೆಂದು ಮೂರನೇ ಮಹಡಿಯ ಮುರುಕು ಕುರ್ಚಿಗಳ ಕೊಠಡಿಯಲ್ಲಿ ಮೂವತ್ತೆರಡು ಗುಮಾಸ್ತರಿಗೆ ಫ್ರೆಂಚ್ ತರಗತಿ ನಡೆಸಲಾಗುತ್ತಿತ್ತು. ಒಂಬತ್ತೂ ವರ್ಷ ಪಾಠ ಹೇಳುತ್ತಿದ್ದವರು ಒಬ್ಬರೇ ತಾತ್ಕಾಲಿಕ ಶಿಕ್ಷಕಿ. ಸಿಬ್ಬಂದಿ ಅವರನ್ನು ಪ್ರೀತಿಯಿಂದ ‘ಫ್ರೆಂಚಕ್ಕ’ ಎಂದು ಕರೆಯುತ್ತಿದ್ದು, ಸದರಿ ಪ್ರೀತಿಗೆ ಪೂರ್ವಾನುಮತಿ ಪಡೆದಿರಲಿಲ್ಲ. ಪತ್ರವನ್ನು ಅವರಿಂದಲೇ ಓದಿಸಬಹುದಿತ್ತಲ್ಲ ಎಂದು ಕೆಲವರು ಕೇಳಿದ್ದಾರೆ. ಪತ್ರವು ಗೋಪ್ಯವಾಗಿರುವುದರಿಂದ ತಾತ್ಕಾಲಿಕ ನೌಕರರಿಗೆ ತೋರಿಸುವಂತಿಲ್ಲ. ಶಿಕ್ಷಕಿಯವರು ಹನ್ನೊಂದು ಮನವಿಗಳಲ್ಲೂ ಕೇಳಿದ್ದು ಒಂದೇ: ತಮ್ಮನ್ನು ಕಾಯಂ ಮಾಡಬೇಕು. ಈ ಹಿನ್ನೆಲೆಯಲ್ಲಿ ಕೆಳಕಂಡಂತೆ ತಿಳಿಯತಕ್ಕದ್ದು.

೧. ತರಗತಿಯಲ್ಲಿ ಸಮೀಪ ಭವಿಷ್ಯತ್ಕಾಲ, ಅಂದರೆ ‘ಇನ್ನೇನು ಮಾಡಲಿದ್ದೇವೆ’ ಎಂಬ ಕಾಲವನ್ನು ಮಾತ್ರ ಕಲಿಸತಕ್ಕದ್ದು. ಭೂತಕಾಲ ಕಲಿತರೆ ಏನು ಮಾಡಿದಿರಿ ಎಂದು ಕೇಳುವವರು ಹುಟ್ಟಿಕೊಳ್ಳುತ್ತಾರೆ. ವರ್ತಮಾನಕಾಲ ಕಲಿತರೆ ಬಾಗಿಲಲ್ಲಿ ಇಣುಕುವವರು ಹೆಚ್ಚಾಗುತ್ತಾರೆ.

೨. ಫ್ರೆಂಚಿನಲ್ಲಿ ‘ಮಾಡಲಿದ್ದೇನೆ’ ಎನ್ನಬೇಕಾದರೆ ಮೊದಲು ‘ಹೋಗು’ ಎಂಬ ಕ್ರಿಯಾಪದ ಬಂದು, ಮಾಡಬೇಕಾದ ಕೆಲಸ ಆಮೇಲೆ ಬರುತ್ತದೆಂದು ವರದಿಯಾಗಿದೆ. ಆದ್ದರಿಂದ ‘ಹೋಗು’ ಭಾಗವನ್ನು ಉಚ್ಚರಿಸಿದ ಕೂಡಲೇ ನೌಕರರು ಚಲನವಲನ ವಹಿಯಲ್ಲಿ ಸಹಿ ಮಾಡತಕ್ಕದ್ದು. ಕೆಲಸದ ಭಾಗಕ್ಕೆ ವಹಿಯ ಅಗತ್ಯವಿಲ್ಲ. ಅಲ್ಲಿಯವರೆಗೆ ಈ ಕಚೇರಿಯಲ್ಲಿ ಯಾರೂ ಮುಟ್ಟಿದ ದಾಖಲೆ ಇಲ್ಲ.

೩. ಶಿಕ್ಷಕಿಯವರು ‘ಇಲಾಖೆ ನನ್ನನ್ನು ಕಾಯಂ ಮಾಡಲಿದೆ’ ಎಂಬ ವಾಕ್ಯವನ್ನು ಅಭ್ಯಾಸಕ್ಕೆ ಕೊಟ್ಟಾಗ ಇಡೀ ತರಗತಿ ನಕ್ಕಿರುವುದು ಗಮನಕ್ಕೆ ಬಂದಿದೆ. ಅಲ್ಲದೆ, ತಮ್ಮ ಮನವಿಗಳಿಗೆ ಬಂದ ‘ಶೀಘ್ರದಲ್ಲೇ ಪರಿಶೀಲಿಸಲಾಗುವುದು’ ಎಂಬ ಹನ್ನೊಂದು ಉತ್ತರಗಳನ್ನೂ ಅನುವಾದಕ್ಕೆ ಕೊಟ್ಟಿದ್ದಾರೆ. ಆ ಉತ್ತರಗಳನ್ನು ಬರೆದ ಮೇಲಧಿಕಾರಿಗಳು (ಸಿಬ್ಬಂದಿಯ ಬಾಯಲ್ಲಿ ‘ನೋಡೋಣ ಸಾಹೇಬರು’) ಅಂದು ತರಗತಿಯಲ್ಲಿದ್ದು, ಸ್ವಂತ ವಾಕ್ಯದಲ್ಲೇ ಸೊನ್ನೆ ಪಡೆದಿದ್ದಾರೆ. ಇನ್ನು ಮುಂದೆ ಉದಾಹರಣೆಗಳು ಬೆಕ್ಕು, ಛತ್ರಿ ಹಾಗೂ ಪಕ್ಕದ ಮನೆಯ ಚಿಕ್ಕಪ್ಪನಿಗೆ ಸೀಮಿತವಾಗಿರತಕ್ಕದ್ದು. ಚಿಕ್ಕಪ್ಪನಿಗೆ ಯಾವ ಆಸೆಯೂ ಇರತಕ್ಕದ್ದಲ್ಲ.

೪. ಕಳೆದ ಗುರುವಾರ ಶಿಕ್ಷಕಿಯವರು ಕಪ್ಪು ಹಲಗೆಯ ಮೇಲೆ ‘ಜ ವೆ ಪಾರ್ತೀರ್’, ಅಂದರೆ ‘ನಾನು ಹೊರಡಲಿದ್ದೇನೆ’ ಎಂಬ ಅಭ್ಯಾಸವಾಕ್ಯವನ್ನು ಬರೆದು, ಕಸ ಗುಡಿಸುವವರು ಅಳಿಸದಿರಲೆಂದು ಎಂದಿನಂತೆ ಕೆಳಗೆ ದಿನಾಂಕ ಹಾಕಿ ಸಹಿ ಮಾಡಿ, ಕೈಗೆ ಮೆತ್ತಿದ ಸೀಮೆಸುಣ್ಣ ತೊಳೆಯಲು ನಲ್ಲಿಯ ಬಳಿ ಹೋದರು. ಅಷ್ಟರಲ್ಲಿ ಟಪಾಲು ಗುಮಾಸ್ತರು ಒಳಗೆ ಬಂದರು. ಸದರಿಯವರು ದಿನಾಂಕ ಮತ್ತು ಸಹಿ ಕಂಡಲ್ಲೆಲ್ಲ ‘ಸ್ವೀಕರಿಸಿದೆ’ ಮುದ್ರೆ ಒತ್ತುವ ಶ್ರದ್ಧಾವಂತರು. ಹಲಗೆಗೂ ಒತ್ತಿದರು. ಮುದ್ರೆ ಬಿದ್ದ ಮೇಲೆ ಅದು ರಾಜೀನಾಮೆ. ನಾಲ್ಕು ಜನ ಹಲಗೆಯನ್ನು ಹೊತ್ತು ಮೂರೂ ಮಹಡಿ ಇಳಿಸಿ, ಏಳು ಸಹಿ ಮಾಡಿಸಿದರು. ಇಪ್ಪತ್ತೇ ನಿಮಿಷಗಳಲ್ಲಿ ರಾಜೀನಾಮೆ ಅಂಗೀಕಾರವಾಯಿತು. ಇಲಾಖೆ ನಿಧಾನ ಎಂದು ಆಡಿಕೊಳ್ಳುವವರು ಇದನ್ನು ಗಮನಿಸತಕ್ಕದ್ದು.

೫. ಒದ್ದೆ ಕೈಯಲ್ಲೇ ಓಡಿಬಂದ ಶಿಕ್ಷಕಿಯವರು “ಅಯ್ಯೋ ಸಾರ್, ಅದು ಪಾಠ! ಬೋರ್ಡ್ ಮೇಲೆ ಬರೆದದ್ದು. ಈ ಕೆಲ್ಸ ಬಿಟ್ಟು ನಾನೆಲ್ಲಿಗೆ ಹೋಗ್ಲಿ?” ಎಂದು ಹೇಳಿಕೆ ನೀಡಿದ್ದಾರೆ. ಮೇಲಧಿಕಾರಿಗಳು “ನೋಡೋಣ” ಎಂದಿದ್ದಾರೆ. ನೋಡಲಾಗಿ, ರಾಜೀನಾಮೆ ಫ್ರೆಂಚಿನಲ್ಲಿದೆ, ಹೇಳಿಕೆ ಕನ್ನಡದಲ್ಲಿದೆ. ವಾಕ್ಯದ ನಿಜವಾದ ಅರ್ಥವನ್ನು ಇಲಾಖೆಯ ಫ್ರೆಂಚ್ ಶಿಕ್ಷಕರೇ ದೃಢೀಕರಿಸಬೇಕು. ಸದರಿ ಹುದ್ದೆ ಖಾಲಿ ಇದೆ. ಆಗ ಶಿಕ್ಷಕಿಯವರು “ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂತೀರಲ್ಲ ಸಾರ್” ಎಂದಿದ್ದು, ಪರಿಶೀಲಿಸಲಾಗಿ ಇಲಾಖೆಯಲ್ಲಿ ಕೊಟ್ಟಿಗೆ ಇರುವುದಿಲ್ಲ.

೬. ಖಾಲಿ ಹುದ್ದೆಗೆ ಯಾರ ತಕರಾರೂ ಇಲ್ಲದ ಕಾರಣ ಅದನ್ನು ಅದೇ ಸಂಜೆ ಕಾಯಂ ಮಾಡಲಾಗಿದೆ. ಅರ್ಜಿದಾರರಿಗೆ ಕಾಯಂ ಹುದ್ದೆಯಲ್ಲಿ ಒಂಬತ್ತು ವರ್ಷಗಳ ಅನುಭವ ಇರತಕ್ಕದ್ದು.

೭. ಶಿಕ್ಷಕಿಯವರು ಚೀಲ ಎತ್ತಿಕೊಂಡಾಗ ಹಿರಿಯ ಬೆರಳಚ್ಚುಗಾರ್ತಿಯವರು “ಅಕ್ಕಾ, ನಾಳೆ ಬರ್ತೀರಲ್ವಾ?” ಎಂದು ಕೇಳಿ, ಕಚೇರಿ ವೇಳೆಯಲ್ಲಿ ಅತ್ತಿದ್ದಾರೆ. ಆಗ ಮೂವತ್ತೆರಡು ಮಂದಿಯೂ ಎದ್ದು ನಿಂತು, ಹಲಗೆ ಇಲ್ಲದೆಯೂ, ಒಂಬತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಒಂದೂ ತಪ್ಪಿಲ್ಲದೆ ಆ ಕ್ರಿಯಾಪದವನ್ನು ಫ್ರೆಂಚಿನಲ್ಲಿ ಒಪ್ಪಿಸತೊಡಗಿದರು: ನಾನು ಹೊರಡಲಿದ್ದೇನೆ, ನೀನು ಹೊರಡಲಿದ್ದೀಯೆ, ಅವಳು ಹೊರಡಲಿದ್ದಾಳೆ. ಶಿಕ್ಷಕಿಯವರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಮುಂದಿನದು ‘ನಾವು’. ಅಲ್ಲಿಗೆ ಬಂದಾಗ ಎಲ್ಲರೂ ಒಮ್ಮೆ ಹಾಜರಿ ಪುಸ್ತಕದತ್ತ ನೋಡಿ, ಸುಮ್ಮನೆ ಕುಳಿತರು. ಸಿಬ್ಬಂದಿಯ ಈ ಶಿಸ್ತಿಗೆ ಇಲಾಖೆ ಮೆಚ್ಚುಗೆ ಸೂಚಿಸುತ್ತದೆ.

(ಸಹಿ ಮಾಡಲಿದ್ದಾರೆ)
ಮೇಲಧಿಕಾರಿ

ಪ್ರತಿಗಳು:
೧. ಟಪಾಲು ಗುಮಾಸ್ತರಿಗೆ: ಮುದ್ರೆ ಒತ್ತಲು. ಇದಕ್ಕೆ ಮಾತ್ರ.
೨. ಕಪ್ಪು ಹಲಗೆಗೆ: ಕಡತದಲ್ಲಿ ಸೇರಿಸುವುದು. ಹಿಡಿಸದಿದ್ದಲ್ಲಿ ಕಡತವನ್ನು ಹಲಗೆಗೆ ಕಟ್ಟುವುದು.
೩. ಉಲ್ಲೇಖ (ಅ)ರ ಪತ್ರ ಬರೆದವರಿಗೆ: ಉತ್ತರಿಸಲಿದ್ದೇವೆ.
೪. ಮಾಜಿ ತಾತ್ಕಾಲಿಕ ಶಿಕ್ಷಕಿಯವರಿಗೆ: ಮನೆಯ ವಿಳಾಸ ಹನ್ನೊಂದು ಮನವಿಗಳಲ್ಲೂ ಇದೆ. ಹುಡುಕಲಿದ್ದೇವೆ.